ಕ್ಯಾಸಿನೊದವರು ತಡೆಹಿಡಿದ ಲಕ್ಷ್ಮಿ

ಹೆದರುವವರ ಮೇಲೆ ಹಾವು ಎಸೆದರಂತೆ. ಅಮೆರಿಕದ ಈ ಸ್ಟರ್ಲಿಂಗ್ ಊರಿನಲ್ಲಿ ಇಷ್ಟೊಂದು ಮನೆಗಳಿದ್ದರೂ ಎಸೆಯುವವರಿಗೆ ಪ್ರತಿ ಸಲ ನಮ್ಮ ಮನೆಯೇ ಸಿಗುತ್ತದೆ. ಪೊಲೀಸ್ ಕಾರು ಕಂಡರೆ ಪಾರ್ಕಿಂಗಿನಲ್ಲಿ ನಿಂತ ಕಾರಿನಲ್ಲೂ ಸೀಟ್ ಬೆಲ್ಟ್ ಸರಿಮಾಡಿಕೊಳ್ಳುವವಳು ನಾನು. ನನ್ನ ಗಂಡ ನನಗಿಂತ ಒಂದು ಕೈ ಮೇಲು. ಗ್ರೀನ್ ಕಾರ್ಡಿನ ಕ್ಯೂನಲ್ಲಿ ನಿಂತಮೇಲೆ, ಲೈಬ್ರರಿ ಪುಸ್ತಕ ವಾಪಸ್ ಕೊಡುವುದು ತಡವಾದರೂ "ಫೈಲಿಗೆ ಹೋಗುತ್ತೆ ಕಣೆ" ಅನ್ನುತ್ತಾರೆ. ಇಂಥ ಮನೆಯಲ್ಲಿ ಕೂತು ನಾನು ಆನ್‌ಲೈನ್ ಕ್ಯಾಸಿನೊ ಆಡಿ ಗೆದ್ದುಬಿಟ್ಟೆ.

ದುಡಿಮೆಯೋ ಅಲ್ಲವೋ

ನನ್ನದು ಗಂಡನ ವೀಸಾಕ್ಕೆ ಜೋತುಬಿದ್ದ ವೀಸಾ. ಈ ದೇಶದಲ್ಲಿ ನಾನು ಅಡುಗೆ ಮಾಡಬಹುದು, ದುಡಿಯುವ ಹಾಗಿಲ್ಲ. ಮಧ್ಯಾಹ್ನ ಹೊತ್ತು ಹೋಗದೆ ಫೋನಿನಲ್ಲಿ ಹಣ್ಣುಗಳ ಚಿತ್ರ ತಿರುಗಿಸುತ್ತಾ ಕೂತಿದ್ದವಳಿಗೆ ಒಂದು ದಿನ ಮೂರು ಚೆರ್ರಿ ಸಾಲಾಗಿ ನಿಂತವು. ಒಂದು ಜೊತೆ ಬಳೆ ಬರುವಷ್ಟು ಹಣ! ಖುಷಿ ಬಂದ ಹಿಂದೆಯೇ ಭಯವೂ ಬಂತು. ಗೆದ್ದದ್ದು ದುಡಿಮೆಯ ಲೆಕ್ಕಕ್ಕೆ ಸೇರಿದರೆ? ಪಕ್ಕದ ಮನೆಯ ಗೆಳತಿಯ ಹತ್ತಿರ ಓಡಿದೆ. ಅವಳು ಮೈಸೂರಿನವಳು, ಯಾವುದಕ್ಕೂ ಜಗ್ಗುವವಳಲ್ಲ.

"ಲೇ, ಇದು ವೀಸಾ ವಯೊಲೇಷನ್ ಆಗುತ್ತೇನೆ?"

"ಸೋತಿದ್ರೆ ಬಂದು ಕೇಳ್ತಿದ್ಯಾ?" ಎಂದಳು.

ಅರಿಶಿನ ಕುಂಕುಮ

ಸುಮ್ಮನಿದ್ದಿದ್ದರೆ ಹಣ ಕೈಸೇರುತ್ತಿತ್ತು. ಆದರೆ ಆ ವಾರವೇ ವರಮಹಾಲಕ್ಷ್ಮಿ ಹಬ್ಬ. ಗಂಡ ಆಫೀಸಿನಲ್ಲಿದ್ದರು. ಸಂಜೆ ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರ ಮುಂದೆ ಗೆಳತಿ, "ಈ ಸಲ ಲಕ್ಷ್ಮಿ ಇವಳ ಫೋನಿಗೇ ಬಂದಿದಾಳೆ" ಎಂದು ಸಾರಿಬಿಟ್ಟಳು. ಸರಿ, ಒಬ್ಬಳು "ನಂಗೂ ಲಿಂಕ್ ಕಳಿಸೇ" ಅಂದಳು, ಇನ್ನೊಬ್ಬಳು "ಜಾಯಿನಿಂಗ್ ಬೋನಸ್ ಇದ್ಯಂತಾ?" ಅಂದಳು. ಕಳಶದ ಮುಂದೆ ಚಾಪೆಯ ಮೇಲೆ ಕೂತು ಅಷ್ಟೂ ಜನ ನಮ್ಮ ಮನೆಯ ವೈಫೈನಲ್ಲೇ ಖಾತೆ ತೆರೆದರು. ತಾಂಬೂಲದ ಜೊತೆ ಪಾಸ್‌ವರ್ಡನ್ನೂ ಕೊಟ್ಟವಳು ನಾನೇ.

ಮರುದಿನ ನನ್ನ ಖಾತೆ ಬಂದ್. ಒಂದೇ ಮನೆಯಿಂದ ಒಂದೇ ಸಂಜೆ ಇಷ್ಟು ಖಾತೆಗಳು ತೆರೆದಿರುವುದರಿಂದ ಇದು ಸಂಘಟಿತ ವಂಚನೆ ಎಂಬ ಅನುಮಾನವಿದೆ, ಹಣ ತಡೆಹಿಡಿದಿದ್ದೇವೆ ಎಂದು ಬರೆದಿದ್ದರು. ವಂಚನೆ ಎಂಬ ಮಾತನ್ನು ಎರಡೆರಡು ಸಲ ಓದಿದೆ. ಹಣ ಹೋದರೆ ಹೋಗಲಿ, ಈ ಕಳಂಕ ಗಂಡನ ಫೈಲಿಗೆ ಅಂಟಿಕೊಂಡರೆ ಗ್ರೀನ್ ಕಾರ್ಡಿನ ಗತಿ ಏನು? ಅದಕ್ಕೇ ಜಗಳಕ್ಕೆ ಇಳಿದೆ. ಶ್ರಾವಣದಲ್ಲಿ ಸಂಪತ್ತಿನ ದೇವತೆಯನ್ನು ಮನೆಗೆ ಕರೆಯುತ್ತೇವೆ, ಹೆಂಗಸರೆಲ್ಲ ಸೇರುತ್ತೇವೆ, ಇದು ವರ್ಷವರ್ಷವೂ ನಡೆದುಬಂದ ಪದ್ಧತಿ ಎಂದು ಉದ್ದಕ್ಕೆ ವಿವರಿಸಿದೆ.

ಉತ್ತರ ಬಂತು: "ಈ ಚಟುವಟಿಕೆ ಪ್ರತಿ ವರ್ಷ ನಡೆಯುತ್ತದೆಂದು ಒಪ್ಪಿಕೊಂಡದ್ದಕ್ಕೆ ಧನ್ಯವಾದಗಳು."

ವಿಳಾಸದ ಪುರಾವೆ

ನಾನು ಆ ಮನೆಯಲ್ಲಿ ವಾಸವಾಗಿದ್ದೇನೆಂದು ತೋರಿಸುವ ಕಾಗದ ಕೇಳಿದರು. ಕರೆಂಟು, ನೀರು, ಬಾಡಿಗೆ, ಎಲ್ಲ ಗಂಡನ ಹೆಸರಿನಲ್ಲಿ.

"ಅವರ ಬಿಲ್ಲೇ ಕಳಿಸೇ" ಎಂದಳು ಗೆಳತಿ.

"ಪ್ರಾಣ ಹೋದ್ರೂ ಅವರ ಹೆಸರು ಇದರಲ್ಲಿ ಬರಬಾರದು" ಎಂದೆ.

ಮನೆಯೆಲ್ಲ ಜಾಲಾಡಿದಾಗ ನನ್ನ ಹೆಸರಿಗೆ ವಿಳಾಸ ಸಮೇತ ಸಿಕ್ಕಿದ್ದು ದೇವಸ್ಥಾನದ ಅರ್ಚನೆ ರಸೀದಿ ಒಂದೇ. ಅದನ್ನೇ ಕಳಿಸಿದೆ. ಕ್ಯಾಸಿನೊದ ಹುಡುಗಿ ಚಾಟ್‌ನಲ್ಲಿ ಬಂದಳು.

"ಇದರಲ್ಲಿ ಭಾರದ್ವಾಜ ಅಂತ ಇದೆಯಲ್ಲ, ಅವರು ಯಾರು?"

"ಅದು ನಮ್ಮ ಗೋತ್ರ. ನಮ್ಮ ವಂಶದ ಮೂಲಪುರುಷರು, ಋಷಿಗಳು."

ಅವಳು ಸ್ವಲ್ಪ ಹೊತ್ತು ಏನೋ ಟೈಪ್ ಮಾಡಿ ಕೇಳಿದಳು: "ಅವರಿಗೂ ನಮ್ಮಲ್ಲಿ ಖಾತೆ ಇದೆಯೇ?"

ಬಾಗಿಲು ಬಡಿದವನು

ನಿಜ ಹೇಳುತ್ತೇನೆ, ಆ ದಿನಗಳಲ್ಲಿ ನನಗೆ ಇದರಲ್ಲಿ ನಗುವಂಥದ್ದು ಏನೂ ಕಾಣುತ್ತಿರಲಿಲ್ಲ. ಕುಕ್ಕರ್ ಕೂಗಿದರೂ ಪೊಲೀಸ್ ಸೈರನ್ ಅಂದುಕೊಂಡು ಕಿಟಕಿಗೆ ಓಡುತ್ತಿದ್ದೆ. ಗಂಡ ಊಟ ಮಾಡುತ್ತಾ "ಯಾಕೆ ಸಪ್ಪಗಿದೀಯಾ?" ಎಂದರೆ ಸಾರಿಗೆ ಉಪ್ಪು ಕಡಿಮೆಯಾಗಿದೆ ಎನ್ನುತ್ತಿದ್ದಾರೆಂದು ತಿಳಿದವಳಂತೆ ಉಪ್ಪಿನ ಡಬ್ಬಿ ಮುಂದಿಡುತ್ತಿದ್ದೆ.

ಒಂದು ಬೆಳಗ್ಗೆ ಯಾರೋ ಬಾಗಿಲು ಬಡಿದರು. ಕಿಂಡಿಯಲ್ಲಿ ನೋಡಿದರೆ ಇಸ್ತ್ರಿ ಮಾಡಿದ ಶರ್ಟು, ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಫೈಲು. ಮುಗಿಯಿತು ಕಥೆ ಅಂದುಕೊಂಡು ಬಾಗಿಲು ತೆಗೆದೆ.

"ನಿಮ್ಮ ಯಜಮಾನರು ಇದ್ದಾರೆಯೇ?" ಎಂದ.

"ಅವರಿಗೆ ಏನೂ ಗೊತ್ತಿಲ್ಲ! ಮಾಡಿದ್ದೆಲ್ಲ ನಾನೇ!"

ಅವನ ಮುಖ ಅರಳಿತು. "ಹಾಗಾದರೆ ಸಹಿಯನ್ನೂ ನೀವೇ ಹಾಕಬಹುದು" ಎಂದು ಇರುವೆ, ಜಿರಳೆಗೆ ಔಷಧಿ ಹೊಡೆಯುವ ಒಂದು ವರ್ಷದ ಒಪ್ಪಂದವನ್ನು ಮುಂದೆ ಹಿಡಿದ. ಹಾಕಿದೆ.

ಗಂಡನ ಪತ್ರ

ಗೆಳತಿಯರೆಲ್ಲ ತಮ್ಮ ತಮ್ಮ ವಿಳಾಸದ ಪುರಾವೆ ಕಳಿಸಿ, ನಾನು ವಿಡಿಯೋದಲ್ಲಿ ಮುಖ ತೋರಿಸಿ, ಅಂತೂ ಗೆದ್ದೆವು. ವಂಚನೆ ನಡೆದಿಲ್ಲ, ತನಿಖೆ ಮುಗಿದಿದೆ, ಹಣ ಬಿಡುಗಡೆ ಮಾಡುತ್ತೇವೆ ಎಂಬ ಮೇಲ್ ಬಂತು. ಗಂಡನ ಹೆಸರು ಎಲ್ಲಿಯೂ ಬಂದಿರಲಿಲ್ಲ. ಆ ನೆಮ್ಮದಿಯಲ್ಲಿ ಸಂಜೆ ಕಾಫಿ ಕೊಡುತ್ತಾ ಅವರಿಗೆ ಎಲ್ಲವನ್ನೂ ಹೇಳಿಬಿಟ್ಟೆ.

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಲೋಟ ಕೆಳಗಿಟ್ಟು, "ಆ ದುಡ್ಡು ನಮ್ಮ ಅಕೌಂಟಿಗೆ ಬಂದ್ರೆ ಟ್ರೇಸ್ ಆಗುತ್ತೆ. ಬೇಡ ಅಂತ ನಾನೇ ಬರೀತೀನಿ" ಎಂದು ಲ್ಯಾಪ್‌ಟಾಪ್ ತೆರೆದರು.

"ರೀ, ಎಲ್ಲಾ ಕ್ಲಿಯರ್ ಆಗಿದೆ, ಸುಮ್ನಿರಿ!"

"ನಿಂಗೊತ್ತಾಗಲ್ಲ."

ಇಮಿಗ್ರೇಷನ್‌ಗೆ ಅರ್ಜಿ ಹಾಕಿ ಹಾಕಿ ಅವರಿಗೆ ಒಂದು ಚಾಳಿ ಹತ್ತಿದೆ. ಯಾರು ಕೇಳಲಿ ಬಿಡಲಿ, ಇರುವುದನ್ನೆಲ್ಲ ಲಗತ್ತಿಸುವುದು. ಪಾಸ್‌ಪೋರ್ಟು, ವೀಸಾ, ಸಂಬಳದ ಚೀಟಿ, ಬಾಡಿಗೆ ಕರಾರು, ಕೊನೆಗೆ ನಮ್ಮ ಧಾರೆಯ ಫೋಟೋ.

"ಧಾರೆ ಫೋಟೋ ಯಾಕ್ರೀ?"

"ನೀನು ನನ್ನ ಹೆಂಡ್ತಿ ಅಂತ ಪ್ರೂವ್ ಆಗ್ಬೇಕಲ್ಲ?"

ನಮಗೆ ಈ ಹಣ ಖಂಡಿತ ಬೇಡ, ದಯವಿಟ್ಟು ನೀವೇ ಇಟ್ಟುಕೊಳ್ಳಿ ಎಂದು ಬರೆದು, ಕೆಳಗೆ ಪೂರ್ತಿ ಹೆಸರು ಹಾಕಿ ಕಳಿಸಿದರು.

ಮರುದಿನ ಉತ್ತರ ಬಂತು. ಓದಲು ಧೈರ್ಯವಿಲ್ಲದೆ ಫೋನನ್ನು ನನ್ನ ಕೈಗಿಟ್ಟು ಕಣ್ಣು ಮುಚ್ಚಿಕೊಂಡರು. ನಾನೇ ಗಟ್ಟಿಯಾಗಿ ಓದಿದೆ:

"ಮಾನ್ಯರೇ, ಗೆದ್ದ ಹಣ ಬೇಡ ಎನ್ನುವ ಗ್ರಾಹಕರನ್ನು ನಮ್ಮ ಸಂಸ್ಥೆ ಇದುವರೆಗೆ ಕಂಡಿಲ್ಲ. ಇದು ಅತ್ಯಂತ ಅನುಮಾನಾಸ್ಪದ. ಆದ್ದರಿಂದ ತನಿಖೆಯನ್ನು ಮತ್ತೆ ಆರಂಭಿಸಿದ್ದೇವೆ. ಈ ಸಲ ನಿಮ್ಮ ಹೆಸರಿನಲ್ಲಿ."