ಹೆಸರು ಕೇಳದೆ ಕೊಟ್ಟ ಏಣಿ

ಮನುಷ್ಯ ಮೂಲತಃ ಒಳ್ಳೆಯವನು ಎಂದು ನಾನು ನಂಬಿದ್ದೇನೆ. ಈ ನಂಬಿಕೆ ತಪಸ್ಸು ಮಾಡಿ ಬಂದದ್ದಲ್ಲ, ಸೋಮಾರಿತನದಿಂದ ಬಂದದ್ದು. ಅನುಮಾನಪಡಬೇಕಾದರೆ ಹೆಸರು ಕೇಳಬೇಕು, ವಿಳಾಸ ಬರೆದುಕೊಳ್ಳಬೇಕು, ಹಿಂದೆಯೇ ಹೋಗಿ ನೋಡಿ ಬರಬೇಕು. ನಂಬಿಬಿಟ್ಟರೆ ಕೂತಲ್ಲೇ ಕೂತಿರಬಹುದು. ನನ್ನ ಹೆಂಡತಿ ಸರೋಜಳ ಸಿದ್ಧಾಂತ ಬೇರೆ. ಒಳ್ಳೆಯವರು ಇದ್ದಾರೆ, ಆದರೆ ಅವರು ನಮ್ಮ ಮನೆಗೆ ಬರುವುದಿಲ್ಲ ಎನ್ನುತ್ತಾಳೆ.

ಒಂದು ಭಾನುವಾರ ಬೆಳಿಗ್ಗೆ ಶ್ರೀರಾಂಪುರದ ನಮ್ಮ ಮನೆಯ ಗೇಟಿನ ಬಳಿ ನಡುವಯಸ್ಸಿನ ಅಪರಿಚಿತನೊಬ್ಬ ಬಂದು ನಿಂತ. “ಹಿಂದಿನ ರಸ್ತೇಲಿ ಹೊಸದಾಗಿ ಬಂದಿದೀವಿ ಸಾರ್. ಟ್ಯಾಂಕಿಂದ ನೀರು ಸುರೀತಾ ಐತೆ. ಒಂದ್ಗಳಿಗೆ ಏಣಿ ಕೊಡ್ತೀರಾ? ಈಗ್ಲೇ ತಂದ್ಬುಡ್ತೀನಿ” ಎಂದ. ನಮ್ಮ ಅಲ್ಯೂಮಿನಿಯಂ ಏಣಿಯನ್ನು ನಾನೇ ಅವನ ಹೆಗಲಿಗೇರಿಸಿ ಕಳಿಸಿದೆ.

“ಹೆಸರೇನಂತೆ?” ಎಂದಳು ಸರೋಜ.

“ಕೇಳ್ಲಿಲ್ಲ.”

“ಮನೆ ಯಾವುದಂತೆ?”

“ಹಿಂದಿನ ರಸ್ತೆ.”

“ಹಿಂದಿನ ರಸ್ತೆ ರಿಂಗ್ ರೋಡ್ ತನಕ ಹೋಗುತ್ತೆ ಕಣ್ರೀ.”

ನಾಲ್ಕು ದಿನ ಏಣಿ ಬರಲಿಲ್ಲ. ಸರೋಜ ಬೈಯಲೂ ಇಲ್ಲ. ದಿನಕ್ಕೊಮ್ಮೆ ಅಟ್ಟದ ಕಡೆ ನೋಡಿ, “ಮೇಲಿನ ದೊಡ್ಡ ಪಾತ್ರೆ ಬೇಕಾಗಿತ್ತು, ಇರ್ಲಿ ಬಿಡಿ” ಎನ್ನುತ್ತಿದ್ದಳು. ಬೈಗುಳಕ್ಕೆ ಉತ್ತರ ಕೊಡಬಹುದು. “ಇರ್ಲಿ ಬಿಡಿ”ಗೆ ಏನು ಕೊಡುವುದು?

ಐದನೆಯ ದಿನ ವಾಕಿಂಗ್ ನೆಪದಲ್ಲಿ ಹಿಂದಿನ ರಸ್ತೆ ಹಿಡಿದೆ. ಒಂದು ಮನೆಯ ಕಾಂಪೌಂಡಿಗೆ ಏಣಿ ಒರಗಿತ್ತು. ಅದೇ ಎತ್ತರ, ಕೆಳಗಿನ ಮೆಟ್ಟಿಲಿನ ಮೇಲೆ ಅದೇ ಬಿಳಿ ಪೇಂಟಿನ ಕಲೆ. ಬೆಲ್ ಒತ್ತಿದೆ. ಸ್ಟೆಲ್ಲಾ ಎಂಬ ನಿವೃತ್ತ ಟೀಚರ್ ಹೊರಗೆ ಬಂದರು. ಏಣಿ ನನ್ನದೆಂದು ಹೇಳಿ, ನಡುವಯಸ್ಸಿನ ಗಂಡಸರು ಯಾರಾದರೂ ಇದ್ದಾರೆಯೇ ಎಂದು ಪೊಲೀಸನಂತೆ ವಿಚಾರಿಸಿದೆ.

“ನನ್ ತಮ್ಮ ಇದಾನೆ, ಊರಿಗೆ ಹೋಗಿದಾನೆ. ಏಣಿ ನಮ್ದೇ ಅನ್ಕೊಂಡಿದ್ದೆನಲ್ಲ” ಎಂದು ಆಕೆ ಒಂದು ಕ್ಷಣ ಯೋಚಿಸಿದರು. “ನಿಮ್ದೇ ಇರ್ಬೇಕು, ತಗೊಂಡ್ಹೋಗಿ. ನೋಡಿದ್ರೆ ಮರ್ಯಾದಸ್ಥರು, ಒಂದು ಏಣಿಗೋಸ್ಕರ ಸುಳ್ಳು ಯಾಕೆ ಹೇಳ್ತೀರಾ?”

ಗೆದ್ದ ಏಣಿಯನ್ನು ಹೊತ್ತು ಮನೆಗೆ ಬಂದರೆ, ಭಾನುವಾರದ ಅಪರಿಚಿತ ನಮ್ಮ ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದ. ಪಕ್ಕದಲ್ಲಿ ನಮ್ಮ ಏಣಿ. “ತಡ ಆಗೋಯ್ತು ಸಾರ್. ಮೇಲಿನ ಮೆಟ್ಲು ಅಲ್ಲಾಡ್ತಿತ್ತು. ನೀವು ಹತ್ತಿ ಬಿದ್ದುಗಿದ್ದೀರಾ ಅಂತ ರಿಪೇರಿಗೆ ಕೊಟ್ಟಿದ್ದೆ, ರಿಪೇರಿಯವ್ನು ಇವತ್ತು ಕೊಟ್ಟ” ಎಂದ. ಸರೋಜ ನನ್ನ ಹೆಗಲ ಮೇಲಿನ ಏಣಿಯನ್ನು ನೋಡಿದಳು. “ಇದು ಯಾರದ್ದು? ಹೆಸರು ಕೇಳ್ಕೊಂಡು ಬಂದ್ರಾ?” ಎಂದಳು.

ಹೊತ್ತ ಏಣಿಯನ್ನು ಕೆಳಗಿಡದೆ ಹಾಗೇ ವಾಪಸು ಹೊರಟೆ. ಸ್ಟೆಲ್ಲಾ ಮೇಡಂ ಗೇಟಿಗೆ ಬಂದಾಗ “ನಮ್ಮದು ಮನೇಲೇ ಇತ್ತು ಮೇಡಂ” ಎಂದು ತೊದಲಿದೆ. ಅಷ್ಟು ಹೊತ್ತಿಗೆ ಪಕ್ಕದ ಮನೆಯಾಕೆಯೂ ಗೇಟಿಗೆ ಬಂದಿದ್ದರು. ಆಕೆಗೆ ಸ್ಟೆಲ್ಲಾ ಮೇಡಂ ಹೆಮ್ಮೆಯಿಂದ ನನ್ನನ್ನು ತೋರಿಸಿದರು. “ನೋಡಿ, ತಮ್ದಲ್ಲ ಅಂತ ಗೊತ್ತಾದ ತಕ್ಷಣ ಹೊತ್ಕೊಂಡು ಬಂದಿದಾರೆ. ಈ ಕಾಲದಲ್ಲಿ ಇಂಥವರು ಎಲ್ಲಿ ಸಿಗ್ತಾರೆ ಕಣ್ರೀ?”

ಜನರನ್ನು ನಂಬುವುದು ಜಾಣತನವೋ ಪೆದ್ದುತನವೋ ಎಂದು ಸ್ಟೆಲ್ಲಾ ಮೇಡಂಗೆ ತಿಳಿಸಿ ಹೇಳಲು ಆ ಬೀದಿಯಲ್ಲಿ ನನಗಿಂತ ಅರ್ಹರು ಇರಲಿಲ್ಲ. ಆದರೆ ಆಕೆ ಒಳಗೆ ಕರೆದು ಕೇಕ್ ಕೊಟ್ಟರು. ನಾನು ಸುಮ್ಮನೆ ತಿಂದೆ.