ಭಾವನವರ ವಾಪಸಾತಿ ಮುಹೂರ್ತ

ನಮ್ಮ ಭಾವ ದೊಡ್ಡ ಪರ್ವತಾರೋಹಿ. ಇದುವರೆಗೆ ಒಂದೇ ಒಂದು ಪರ್ವತವನ್ನೂ ಹತ್ತಿಲ್ಲ ಎನ್ನುವುದನ್ನು ಬಿಟ್ಟರೆ ಅವರಲ್ಲಿ ಬೇರೆ ಯಾವ ಕೊರತೆಯೂ ಇಲ್ಲ!

ಭಾವ ಎಂದರೆ ನನ್ನ ಅಕ್ಕನ ಗಂಡ. ಮೈಸೂರಿನವರು. ಈಗ ಆಸ್ಟ್ರೇಲಿಯಾದ ಅಡಿಲೇಡಿನ ಪ್ರಾಸ್ಪೆಕ್ಟ್ ಬಡಾವಣೆಯಲ್ಲಿ ಮನೆ, ನೀರಿನ ಪೈಪುಗಳ ಎಂಜಿನಿಯರ್ ಕೆಲಸ. "ಹೋಗಲಿ, ಚಾಮುಂಡಿ ಬೆಟ್ಟವನ್ನಾದರೂ ಮೆಟ್ಟಿಲು ಹತ್ತಿ ಹೋಗಿದ್ದೀರಾ?" ಎಂದು ಒಮ್ಮೆ ಕೇಳಿದ್ದೆ. "ನಂದಿವರೆಗೂ ಹೋಗಿದ್ದೆ ಕಣಮ್ಮ, ಅಷ್ಟರಲ್ಲಿ ಬಸ್ ಬಂದ್ಬಿಡ್ತು" ಎಂದರು. ಆದರೆ ಜ್ಞಾನ? ಅದನ್ನು ಕೇಳಲೇಬೇಡಿ! ಅಥವಾ ಕೇಳಿ, ನಮ್ಮ ಹಾಗೆ ನೀವೂ ಅನುಭವಿಸಿ. ಎಂಟು ಸಾವಿರ ಮೀಟರಿಗಿಂತ ಎತ್ತರದ ಹದಿನಾಲ್ಕು ಶಿಖರಗಳ ಹೆಸರನ್ನು ಅವರು ಸ್ನಾನ ಮಾಡುವಾಗ ಸ್ತೋತ್ರದ ಹಾಗೆ ಹೇಳಿಕೊಳ್ಳುತ್ತಾರೆ. ಎವರೆಸ್ಟ್‌ನಿಂದ ಶುರುವಾದರೆ ಕೊನೆಯ ಶಿಖರಕ್ಕೆ ಬರುವಷ್ಟರಲ್ಲಿ ಮೈ ಒರೆಸಿಕೊಂಡು ಆಗಿರುತ್ತದೆ.

ಕುಕ್ಕರ್ ಕೂಗುವುದು ಸ್ವಲ್ಪ ತಡವಾದರೆ ಸಾಕು, ಅಡಿಗೆಮನೆಯ ಬಾಗಿಲಲ್ಲಿ ಉಪನ್ಯಾಸ ಆರಂಭ. "ಎತ್ತರಕ್ಕೆ ಹೋದಷ್ಟೂ ಗಾಳಿಯ ಒತ್ತಡ ಕಮ್ಮಿ. ನೀರು ಬೇಗ ಕುದಿಯುತ್ತೆ, ಆದ್ರೆ ಬಿಸಿ ಸಾಲಲ್ಲ. ಎವರೆಸ್ಟ್ ಮೇಲೆ ಬೇಳೆ ಬೇಯಲ್ಲ, ಗೊತ್ತಾ?"

"ನಿಮ್ಮ ಬೇಳೆ ಇಲ್ಲೂ ಬೇಯಲ್ಲ. ಹೊರಗೆ ಹೋಗಿ ತಟ್ಟೆ ಹಾಕಿ" ಎನ್ನುತ್ತಾಳೆ ಅಕ್ಕ.

ಇಂಥ ಮನುಷ್ಯನ ಕೈಗೆ ನಮ್ಮ ಅಕ್ಕನ ಒಂದು ಆಸೆ ಸಿಕ್ಕಿಕೊಂಡಿದೆ. ಎರಡು ವರ್ಷದ ಹಿಂದೆ ಅಕ್ಕನಿಗೆ ಹೃದಯದ ಕವಾಟದ ಆಪರೇಷನ್ ಆಯಿತು. ಆಸ್ಪತ್ರೆಯ ಹಾಸಿಗೆಯಲ್ಲಿ ಕೂತೇ ಅವಳೊಂದು ಪ್ರತಿಜ್ಞೆ ಮಾಡಿದಳು: ಊರಿನ ಅಂಚಿನಲ್ಲಿರುವ ಮೌಂಟ್ ಲಾಫ್ಟಿಯನ್ನು ನಡೆದೇ ಹತ್ತಬೇಕು, ಮೇಲಿರುವ ಕೆಫೆಯಲ್ಲಿ ಕೂತು ಸಮುದ್ರ ನೋಡುತ್ತಾ ಒಂದು ಕಾಫಿ ಕುಡಿಯಬೇಕು. ತುದಿಯವರೆಗೆ ಕಾರು ಹೋಗುತ್ತದೆ, ನಿಜ. ಆದರೆ ಕಾರಲ್ಲಿ ಹೋಗಿ ಕುಡಿಯುವ ಕಾಫಿ ಅವಳಿಗೆ ಬೇಡ. ನಡೆಯಿರಿ, ಆದರೆ ಮೈಯ ಮಾತು ಕೇಳಿಕೊಂಡು ನಡೆಯಿರಿ ಎಂದರಂತೆ ಡಾಕ್ಟರು. ನಮ್ಮ ಅಕ್ಕ ಯಾರ ಮಾತು ಕೇಳಿದ್ದಾಳೆ? ಹೈಸ್ಕೂಲಿನಲ್ಲಿ ಜ್ವರ ಇಟ್ಟುಕೊಂಡೇ ಓಟಕ್ಕೆ ನಿಂತು, ಮೊದಲು ಬಂದು, ಆಮೇಲೆ ಮೂರ್ಛೆ ಹೋದವಳು ಅವಳು! ಹೇಗಿದ್ದೀಯೆ ಎಂದು ಫೋನಿನಲ್ಲಿ ಕೇಳಿದರೆ, "ನಂಗೇನಾಗಿದೆ ಧಾಡಿ? ಗುಂಡುಕಲ್ಲಿನ ಹಾಗಿದೀನಿ" ಎಂಬ ಒಂದೇ ಉತ್ತರ.

ಆ ಕಾಫಿಗಾಗಿ ಈ ಸಲದ ಯುಗಾದಿಯ ಹೊತ್ತಿಗೆ ಅವರು ಎಂಟು ಸಲ ಹೊರಟಿದ್ದರು. ಎಂಟು ಸಲವೂ ತುದಿ ಮುಟ್ಟದೆ ವಾಪಸಾಗಿದ್ದರು. ಕಾರಣ? ಭಾವನವರ ಜ್ಞಾನ!

ಅದನ್ನು ಹೇಳುವ ಮೊದಲು ಆ ಜ್ಞಾನದ ಪ್ರತಾಪ ಸ್ವಲ್ಪ ಕೇಳಿ. ನಾನಿರುವುದು ಪರ್ತ್‌ನಲ್ಲಿ. ಪರ್ತ್ ಎಂದರೆ ದೋಸೆ ಕಾವಲಿಯಷ್ಟು ಚಪ್ಪಟೆ ಊರು. ಕಳೆದ ವರ್ಷ ಅಕ್ಕ ಭಾವ ಬಂದಾಗ ಭಾವನ ಕೈಯಲ್ಲಿ ಹೊಸದೊಂದು ಗಡಿಯಾರವಿತ್ತು. ಸಮಯದ ಜೊತೆಗೆ ಎತ್ತರವನ್ನೂ ತೋರಿಸುವಂಥದ್ದು. ಬಚ್ಚಲಿಂದ "ಹದಿನೆಂಟು ಮೀಟರ್!" ಎಂಬ ಘೋಷಣೆ, ಮಂಚದಿಂದ "ಹತ್ತೊಂಬತ್ತು!" ಎಂಬ ಘೋಷಣೆ. ಫ್ರೀಮ್ಯಾಂಟಲ್‌ಗೆ ಹೋಗಿ ಬಂದರಿನ ಹತ್ತಿರ ಕಾಫಿ ಕುಡಿಯುತ್ತಾ ಕೂತಿದ್ದಾಗ ಅದು ಮೈನಸ್ ಆರು ತೋರಿಸಿತು. ಹವೆ ಬದಲಾದರೆ ಹಾಗಾಗುತ್ತದಂತೆ.

"ಅಂದ್ರೆ ಲೆಕ್ಕದ ಪ್ರಕಾರ ನಾವೀಗ ನೀರಲ್ಲಿ ಮುಳುಗಿದೀವಿ" ಎಂದರು ಭಾವ ಗಂಭೀರವಾಗಿ.

"ನಾನು ಮುಳುಗಿದ್ದು ಮದುವೆ ದಿನಾನೇ. ನಿಮ್ಮ ಗಡಿಯಾರಕ್ಕೆ ಈಗ ಗೊತ್ತಾಯ್ತಾ?" ಎಂದಳು ಅಕ್ಕ.

ಮಾರನೆಯ ದಿನ ನಮ್ಮ ಮನೆಯ ಸೂರಿನ ಮಳೆನೀರಿನ ದೋಣಿಯಲ್ಲಿ ಒಣಎಲೆ ಕಟ್ಟಿಕೊಂಡಿದೆ ಎಂದು ನನ್ನ ಗಂಡ ಏಣಿ ತಂದರು. ಭಾವ ಬಿಟ್ಟಾರೆಯೇ? ಸೊಂಟಕ್ಕೆ ಹಗ್ಗ ಬಿಗಿದರು, ಅದರ ಇನ್ನೊಂದು ತುದಿಯನ್ನು ಹಿತ್ತಲಿನ ಬಟ್ಟೆ ಒಣಗಿಸುವ ತಿರುಗುವ ಕಂಬಕ್ಕೆ ಕಟ್ಟಿಸಿದರು. ಬಂಡೆ ಹತ್ತುವವರಿಗೊಂದು ನಿಯಮವಿದೆಯಂತೆ: ಎರಡು ಕೈ, ಎರಡು ಕಾಲು, ನಾಲ್ಕರಲ್ಲಿ ಮೂರು ಯಾವಾಗಲೂ ಬಂಡೆಗೆ ಅಂಟಿಕೊಂಡಿರಬೇಕು. ಭಾವ ನಾಲ್ಕನೇ ಮೆಟ್ಟಿಲಿಗೆ ಹೋಗುವಷ್ಟರಲ್ಲಿ ಮೂಗಿನ ಮೇಲೆ ನೊಣ ಕೂತಿತು. ಆಸ್ಟ್ರೇಲಿಯಾದ ನೊಣ, ಅಷ್ಟು ಸುಲಭಕ್ಕೆ ಏಳುವ ಜಾತಿಯಲ್ಲ. ಒಂದು ಕಾಲು ಆಗಲೇ ಗಾಳಿಯಲ್ಲಿದೆ, ಇನ್ನು ಕೈ ಎತ್ತುವ ಹಾಗಿಲ್ಲ. "ಯಾರಾದ್ರೂ ಬಂದು ಓಡಿಸ್ರೋ!" ಎಂದು ಕೂಗಿಕೊಂಡರು. ಅದೇ ಹೊತ್ತಿಗೆ ಗಾಳಿ ಬೀಸಿ ಬಟ್ಟೆಕಂಬ ಗಿರಗಿರ ತಿರುಗಿತು, ಹಗ್ಗ ಸುತ್ತಿಕೊಂಡಿತು. ನಮ್ಮ ಪರ್ವತಾರೋಹಿ ಒಂದೊಂದೇ ಮೆಟ್ಟಿಲು ಹಿಂದಕ್ಕೆ ಇಳಿದು, ಹಿತ್ತಲು ದಾಟಿ, ನನ್ನ ಒದ್ದೆ ಸೀರೆಗಳ ನಡುವೆ ಬಂದು ನಿಂತರು. ಅಷ್ಟಾದರೂ ಬಿಗುಮಾನ ಬಿಡಲಿಲ್ಲ. "ಹಗ್ಗ ಕೆಲಸ ಮಾಡ್ತು ನೋಡು" ಎಂದರು.

ಬ್ರಿಸ್ಬೇನಿನ ಕಥೆ ಇದಕ್ಕಿಂತ ಸೊಗಸು. ಅಕ್ಕನ ಮಗಳು ಅಲ್ಲಿ ಓದುತ್ತಾಳೆ. ಕಾಂಗರೂ ಪಾಯಿಂಟ್ ಎಂಬಲ್ಲಿ ನದಿಯ ಪಕ್ಕದಲ್ಲೇ ಗೋಡೆಯಂತೆ ಎದ್ದು ನಿಂತ ಬಂಡೆಯಿದೆ, ಹುಡುಗರು ಹುಡುಗಿಯರು ಅಲ್ಲಿ ಹಗ್ಗ ಕಟ್ಟಿ ಹತ್ತುತ್ತಾರೆ. ಮಗಳೂ ಹತ್ತುತ್ತಾಳೆ. ಅವಳನ್ನು ನೋಡಲು ನಾವೆಲ್ಲ ಹೋದಾಗ, ಕೆಳಗೆ ನಿಂತು ಹಗ್ಗ ಹಿಡಿಯುವ ಕೆಲಸವನ್ನು ಭಾವ ತಾವೇ ಕೇಳಿ ಪಡೆದರು. ಮೇಲಿನವರು ಜಾರಿದರೆ ಕೆಳಗಿನವರ ಬಲಗೈ ಹಿಡಿತವೇ ಅವರನ್ನು ಉಳಿಸುವುದು. ಆದ್ದರಿಂದ ಏನೇ ಆದರೂ ಆ ಕೈ ಹಗ್ಗ ಬಿಡಬಾರದು. ಹತ್ತುವ ಮೊದಲು ಒಬ್ಬರ ಗಂಟನ್ನು ಇನ್ನೊಬ್ಬರು ಪರೀಕ್ಷಿಸಬೇಕು. ಭಾವ ಮಗಳ ಸೊಂಟದ ಗಂಟನ್ನು ಎಷ್ಟು ಹೊತ್ತು ಪರೀಕ್ಷಿಸಿದರೆಂದರೆ, ಪಕ್ಕದ ತಂಡದವರು ಹತ್ತಿ, ಇಳಿದು, ಸಾಸೇಜು ಸುಡಲು ಶುರು ಮಾಡಿದ್ದರು.

"ಅಪ್ಪಾ, ಕ್ಯಾನ್ ಐ ಪ್ಲೀಸ್ ಕ್ಲೈಂಬ್ ನೌ?"

"ಮೊದಲು 'ಹತ್ತಲಾ?' ಅಂತ ಕೇಳು. ನಾನು 'ಹತ್ತು' ಅಂದ್ಮೇಲೆ ಹತ್ತು."

"ಹತ್ತಲಾ?" ಎಂದು ಕಣ್ಣು ಮೇಲೆ ಮಾಡಿ ಕೇಳಿದಳು ಹುಡುಗಿ. ಅಪ್ಪನ ಪುಣ್ಯದಿಂದ ಆ ದಿನ ಅವಳ ಬಾಯಿಂದ ಒಂದಾದರೂ ಕನ್ನಡ ಶಬ್ದ ಬಂತು.

ಅವಳು ಅರ್ಧ ಬಂಡೆ ಹತ್ತಿದ್ದಾಗ ನಡೆಯಿತು ನೋಡಿ ಅನಾಹುತ. ಬ್ರಿಸ್ಬೇನಿನ ಉದ್ದಕೊಕ್ಕಿನ ಬಿಳಿ ಹಕ್ಕಿಗಳು ಗೊತ್ತಲ್ಲ, ಕಸದ ಡಬ್ಬಿಗೆ ತಲೆ ಹಾಕುತ್ತವೆಂದು ಎಲ್ಲರೂ ಬಿನ್ ಚಿಕನ್ ಎನ್ನುತ್ತಾರಲ್ಲ, ಅಂಥದ್ದೊಂದು ಬಂದು ಭಾವನ ಕಾಲಿನ ಪಕ್ಕದಲ್ಲೇ ಇದ್ದ ಚಿತ್ರಾನ್ನದ ಡಬ್ಬಿಗೆ ಕೊಕ್ಕು ಇಳಿಸಿತು. ಅಕ್ಕ ಬೆಳಿಗ್ಗೆ ಎದ್ದು ಮಾಡಿದ ಚಿತ್ರಾನ್ನ! ನಾವು ದೂರದ ಬೆಂಚಿನಲ್ಲಿದ್ದೆವು. ಭಾವ "ಹಚಾ! ಹಚಾ!" ಎಂದರು, ಎಡಗಾಲು ಝಾಡಿಸಿದರು, ಇಂಗ್ಲಿಷಿನಲ್ಲೂ ಬೈದರು. ಆದರೆ ಕಣ್ಣು ಮಗಳ ಮೇಲೆ, ಕೈ ಹಗ್ಗದ ಮೇಲೆ. ಹಕ್ಕಿ ಕಡಲೆಬೀಜಗಳನ್ನು ಆರಿಸಿ ಆರಿಸಿ ತಿಂದು, ಡಬ್ಬಿ ಮಗುಚಿ, ನಿಧಾನಕ್ಕೆ ನಡೆದುಹೋಯಿತು. ಮಗಳು ಇಳಿದು ಕಾಲು ನೆಲಕ್ಕಿಟ್ಟ ಮೇಲೆಯೇ ಭಾವ ಕೈ ಸಡಿಲಿಸಿ, ಖಾಲಿ ಡಬ್ಬಿಯನ್ನು ದುಃಖದಿಂದ ನೋಡಿದ್ದು. ನಾವು ಹೊಟ್ಟೆ ಹುಣ್ಣಾಗುವಂತೆ ನಕ್ಕೆವು.

ಈಗ ಮೌಂಟ್ ಲಾಫ್ಟಿಗೆ ಬರೋಣ. ದೊಡ್ಡ ಪರ್ವತ ಹತ್ತುವವರು ಹೊರಡುವ ಮೊದಲೇ ಒಂದು ಹೊತ್ತು ಗೊತ್ತು ಮಾಡಿಕೊಳ್ಳುತ್ತಾರಂತೆ. ಆ ಹೊತ್ತಾಯಿತೋ, ತುದಿ ಕೈಗೆಟುಕುವಷ್ಟು ಹತ್ತಿರವಿದ್ದರೂ ಸರಿ, ಮರುಮಾತಿಲ್ಲದೆ ಹಿಂದಿರುಗಬೇಕು. ಏಕೆಂದರೆ ಅನಾಹುತವಾಗುವುದು ಬಹಳ ಸಲ ಇಳಿಯುವಾಗಲೇ. ಆಗ ಮೈಯಲ್ಲಿ ಕಸುವೂ ಇರುವುದಿಲ್ಲ, ಬೆಳಕೂ ಇರುವುದಿಲ್ಲ. ಇದಕ್ಕೆ ಭಾವ ಕೊಟ್ಟ ಕನ್ನಡದ ಹೆಸರು 'ವಾಪಸಾತಿ ಮುಹೂರ್ತ'.

ಹಿಮಾಲಯದಲ್ಲಿ ಇದು ಸರಿ ಸ್ವಾಮಿ. ಅಜ್ಜಿಯರು ಕೋಲೂರಿಕೊಂಡು, ಅಮ್ಮಂದಿರು ಮಕ್ಕಳನ್ನು ಬೆನ್ನಿಗೆ ಕಟ್ಟಿಕೊಂಡು, ನಾಯಿಗಳು ಬರಿಗಾಲಿನಲ್ಲಿ ಹತ್ತುವ ಗುಡ್ಡಕ್ಕೆ ಮುಹೂರ್ತವೇ? ಹಾಡಹಗಲಿಗೆ ಹಣೆಯ ಮೇಲೊಂದು ಟಾರ್ಚು, ಕೊರಳಿಗೆ ಸೀಟಿ, ಬೆನ್ನಿನ ಚೀಲದಲ್ಲಿ ಎರಡು ದಿನಕ್ಕಾಗುವಷ್ಟು ಚಕ್ಕುಲಿ! ಅಡಿಲೇಡಿನ ಕನ್ನಡಿಗರ ಯುಗಾದಿ ಊಟದ ಸಾಲಿನಲ್ಲಿ ಕಾಲೇಜು ಹುಡುಗರು, "ಅಂಕಲ್, ಸಮ್ಮಿಟ್ ಆಯ್ತಾ? ಇಲ್ಲಾ ಈ ಸಲಾನೂ ಮುಹೂರ್ತ ಮೀರ್ತಾ?" ಎಂದು ಛೇಡಿಸಿದರು. ಭಾವ ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತಾ, "ಬೆಟ್ಟ ಎಲ್ಲೂ ಓಡಿಹೋಗಲ್ಲಪ್ಪ" ಎಂದರು. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ಒಳಗೆ ಮಾತ್ರ ಕೋಪ ಕುದಿಯುತ್ತಿತ್ತು. ಈ ಮನುಷ್ಯನ ಹುಚ್ಚಿಗೆ ನನ್ನ ಅಕ್ಕನ ಒಂದು ಕಾಫಿ ಬಲಿಯಾಗಬೇಕೇ?

ಆ ಯುಗಾದಿಗೆಂದೇ ನಾನು ಅಡಿಲೇಡಿಗೆ ಹೋಗಿದ್ದೆ. ಮರುದಿನ ಒಂಬತ್ತನೆಯ ಯಾತ್ರೆ. ಈ ಸಲ ಅಕ್ಕನನ್ನು ತುದಿ ಮುಟ್ಟಿಸಿಯೇ ಸಿದ್ಧ ಎಂದು ನಾನೂ ಶೂ ಕಟ್ಟಿದೆ. ಬೆಟ್ಟದ ಬುಡದಲ್ಲಿ ಕಾರು ನಿಲ್ಲಿಸಿ ಭಾವ ಘೋಷಿಸಿದರು: "ಇವತ್ತಿನ ಮುಹೂರ್ತ ಹತ್ತೂವರೆ."

ದಾರಿ ಕಡಿದಾಗಿತ್ತು. ನಾನು ಮುಂದೆ, ಅಕ್ಕ ನಡುವೆ, ಭಾವ ಹಿಂದೆ. ಅಕ್ಕ ಮೊದಮೊದಲು ಊರ ಸುದ್ದಿಯನ್ನೆಲ್ಲ ಹೇಳುತ್ತಿದ್ದಳು. ಆಮೇಲೆ ಬರೀ 'ಹೂಂ' ಎನ್ನತೊಡಗಿದಳು. ಮೂರನೆಯ ತಿರುವಿಗೆ ಬಂದಿದ್ದೆವಷ್ಟೇ, ಹಿಂದಿನಿಂದ ಸೀಟಿ ಕೇಳಿಸಿತು.

"ಮುಹೂರ್ತ ಆಯ್ತು! ಎಲ್ರೂ ವಾಪಸ್!"

ನಾನು ನನ್ನ ಫೋನು ನೋಡಿಕೊಂಡೆ. ಹತ್ತಕ್ಕೆ ಇನ್ನೂ ಹತ್ತು ನಿಮಿಷವಿತ್ತು. ತಲೆ ಕೆಟ್ಟುಹೋಯಿತು. "ಭಾವ, ಹತ್ತೂವರೆ ಅಂದೋರು ನೀವೇ ಅಲ್ವಾ? ಇನ್ನೂ ಹತ್ತೂ ಆಗಿಲ್ಲ!" ಎಂದು ಜಗಳಕ್ಕೇ ತಿರುಗಿದೆ.

ತಿರುಗಿದಾಗ ಅಕ್ಕ ಕಂಡಳು. ದಾರಿ ಬದಿಯ ಕಂಬವನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ತುಟಿ ಬಿಳಿಚಿಕೊಂಡಿತ್ತು, ಕತ್ತಿನ ನರ ಪಟಪಟ ಹೊಡೆದುಕೊಳ್ಳುತ್ತಿತ್ತು. ಆದರೂ ಒಂದು ಕಾಲನ್ನು ಮುಂದಿನ ಮೆಟ್ಟಿಲ ಮೇಲೆ ಇಟ್ಟೇ ನಿಂತಿದ್ದಳು ನನ್ನ ಅಕ್ಕ. ನಾನು ಫೋನನ್ನು ಜೇಬಿಗೆ ಹಾಕಿಕೊಂಡೆ.

ಭಾವ ಗಡಿಯಾರವನ್ನು ತಟ್ಟಿ ತಟ್ಟಿ ನೋಡುತ್ತಿದ್ದರು. ಉಸಿರು ಹದಕ್ಕೆ ಬಂದ ಮೇಲೆ ಅಕ್ಕ, "ನೋಡ್ದೇನೇ? ನಾನು ಆರಾಮಾಗಿ ಹತ್ತಿಬಿಡ್ತಿದ್ದೆ. ಇವರದ್ದೊಂದು ಕಾಟ!" ಎಂದಳು. ಹಾಗೆ ಹೇಳಿ ಕೆಳಕ್ಕೆ ತಿರುಗಿದಳು. ಇಳಿಯುವಾಗ ಭಾವ ಅವಳಿಗಿಂತ ಎರಡು ಹೆಜ್ಜೆ ಕೆಳಗಿದ್ದರು. ಮಾತು ಎವರೆಸ್ಟಿನದು, ಆದರೆ ಬಲಗೈ ಮಾತ್ರ ಉದ್ದಕ್ಕೂ ಹಿಂದಕ್ಕೆ, ಅವಳ ಕಡೆಗೇ ಚಾಚಿಕೊಂಡಿತ್ತು. ಆ ಕೈಯನ್ನು ನಾನು ಬ್ರಿಸ್ಬೇನಿನಲ್ಲೂ ನೋಡಿದ್ದೆ. ನೋಡಿ ನಕ್ಕಿದ್ದೆ.

ಕೆಳಗೆ ಬಂದು ಅಕ್ಕ ಕಾರಿನಲ್ಲಿ ಕೂತಳು. ಡಿಕ್ಕಿಗೆ ಚೀಲ ಇಡುತ್ತಿದ್ದ ಭಾವನ ಹತ್ತಿರ ಹೋಗಿ, "ಎಂಟು ಸಲಾನೂ ಹೀಗೇನಾ?" ಎಂದು ಮೆಲ್ಲಗೆ ಕೇಳಿದೆ.

ಅವರು ಕಾರಿನ ಕಡೆ ಒಮ್ಮೆ ನೋಡಿದರು. "ಅವಳ ಬಾಯಲ್ಲಿ 'ನನ್ ಕೈಲಿ ಆಗಲ್ಲ' ಅನ್ನೋ ಮಾತು ಬರಬಾರದು ಕಣಮ್ಮ. ಒಂದ್ಸಲ ಬಂತು ಅಂದ್ರೆ ಮತ್ತೆ ಶೂ ಹಾಕ್ಕೊಳ್ಳಲ್ಲ ಅವಳು. ನನ್ನ ಹುಚ್ಚು ಅಂದ್ಕೊಳ್ಳಲಿ ಬಿಡು, ನನಗೇನು? ಮೊದಲ ಸಲ ಆ ಬೆಂಚಿಗೇ ನನ್ನ ಮುಹೂರ್ತ ಮುಗೀತು" ಎಂದು ಇಪ್ಪತ್ತು ಮಾರು ದೂರದ ಬೆಂಚು ತೋರಿಸಿದರು. "ಈಗ ಮೂರನೇ ತಿರುವು. ಬರ್ತಿದಾಳೆ."

ಅಷ್ಟು ಹೇಳಿ ಚಕ್ಕುಲಿ ಡಬ್ಬಿ ತೆಗೆದು, "ತಗೋ, ಎತ್ತರದಲ್ಲಿ ಉಪ್ಪಿನಂಶ ಬೇಕು" ಎಂದರು. ನಾವಾಗ ಕಾರು ನಿಲ್ಲಿಸುವ ಜಾಗದಲ್ಲಿದ್ದೆವು! ನನಗೆ ನಗು ಬರಲಿಲ್ಲ. ನಾನು ಹುಟ್ಟಿದಾಗಿನಿಂದ ನೋಡಿದ ಅಕ್ಕನನ್ನು ನನಗಿಂತ ಚೆನ್ನಾಗಿ ಬಲ್ಲವರೊಬ್ಬರಿದ್ದಾರೆ ಎಂದು ಹೊಟ್ಟೆಕಿಚ್ಚಾಯಿತು, ಕಣ್ಣೂ ತುಂಬಿತು.

ನಾನು ಪರ್ತ್‌ಗೆ ಹೊರಡುವ ಹಿಂದಿನ ದಿನ ಹತ್ತನೆಯ ಯಾತ್ರೆ ಹೊರಟಿತು. ಮೂರನೆಯ ತಿರುವು ದಾಟಿತು. ನಾಲ್ಕನೆಯದೂ ಕಾಣಿಸಿತು. ಹಿಂದಿದ್ದ ಅಕ್ಕನ ಮಾತು 'ಹೂಂ'ಗೆ ಇಳಿಯಿತು, ಆಮೇಲೆ 'ಹೂಂ' ಕೂಡ ನಿಂತಿತು. ಭಾವ ಸೀಟಿಗೆ ಕೈ ಹಾಕುವ ಮೊದಲೇ ನಾನು ಗಕ್ಕನೆ ನಿಂತು ಮಣಿಕಟ್ಟು ನೋಡಿಕೊಂಡೆ. ಅಲ್ಲಿ ಗಡಿಯಾರವೇ ಇರಲಿಲ್ಲ, ಎರಡು ಬಳೆ ಇದ್ದವು.

"ಮುಹೂರ್ತ ಆಯ್ತು ಭಾವ! ನಿಯಮ ಅಂದ್ರೆ ನಿಯಮ. ವಾಪಸ್!"

ಭಾವ ನನ್ನ ಬಳೆಗಳನ್ನು ನೋಡಿದರು. ಸೀಟಿಯನ್ನು ಕೊರಳಿಂದ ತೆಗೆದು ನನ್ನ ಕೊರಳಿಗೆ ಹಾಕಿದರು.

ಕಂಬ ಹಿಡಿದು ನಿಂತಿದ್ದ ಅಕ್ಕ ಸುಧಾರಿಸಿಕೊಂಡು, "ನಿಂಗೂ ಇವರ ಗಾಳಿ ಸೋಕ್ತಾ? ಇನ್ನೇನು ತುದಿ ಬಂದೇಬಿಟ್ಟಿತ್ತು! ಮುಂದಿನ ಸಲ ನಿಮ್ಮಿಬ್ರನ್ನೂ ಮನೇಲಿ ಕೂಡಿಹಾಕಿ ಒಬ್ಬಳೇ ಬರ್ತೀನಿ, ನೋಡ್ತಿರಿ" ಎಂದು ಶುರು ಮಾಡಿದಳು. ಕಾರಿನವರೆಗೂ ನಮ್ಮಿಬ್ಬರನ್ನೂ ಬೈಯುತ್ತಲೇ ಇಳಿದಳು. ಬೈಯಲು ಬೇಕಾದಷ್ಟು ಉಸಿರು ಅವಳಲ್ಲಿ ಉಳಿದಿತ್ತು.