ಹತ್ತು ಕಡೆಯಿಂದ ಹೌದು

ಕಣ್ಣಾಸ್ಪತ್ರೆಯ ನೋಂದಣಿ ಗುಮಾಸ್ತನಿಗೆ ‘ಅವಸರಪ್ಪ’ ಎಂದು ಹೆಸರಿಟ್ಟವರು ಅಲ್ಲಿನ ಹಿರಿಯ ನರ್ಸಮ್ಮ. ಎಲ್ಲದಕ್ಕೂ ಅವಸರಪಡುತ್ತಿದ್ದ, ಆದರೆ ಎಲ್ಲಿಗೂ ಹೊತ್ತಿಗೆ ಸರಿಯಾಗಿ ಹೋಗಿ ಮುಟ್ಟುತ್ತಿರಲಿಲ್ಲ. ಮದುವೆಗೂ ತಡವಾಗಿಯೇ ಬಂದ ಎಂದು ಅವನ ಹೆಂಡತಿ ಹೇಳುತ್ತಿದ್ದಳು. ಅವನು ಅಲ್ಲಗಳೆದದ್ದಿಲ್ಲ.

ಆ ಹೆಂಡತಿ ಆವತ್ತು ಸಂಜೆಯ ರೈಲಿಗೆ ಬರುವವಳಿದ್ದಳು. ತಂಗಿಯ ಬಾಣಂತನಕ್ಕೆಂದು ಹೋಗಿ ಎರಡು ತಿಂಗಳಾಗಿತ್ತು. ಹೊರಟ ದಿನ ಇವನು ಏದುಸಿರು ಬಿಡುತ್ತ ಸ್ಟೇಷನ್ ಮುಟ್ಟುವಷ್ಟರಲ್ಲಿ ರೈಲು ಚಲಿಸಿಬಿಟ್ಟಿತ್ತು. ಕಿಟಕಿಯಲ್ಲಿ ಕಂಡ ಯಾರೋ ಮುದುಕನಿಗೆ ಕೈಬೀಸಿ ಮನೆಗೆ ಬಂದಿದ್ದ. ಅವಳು ಫೋನಿನಲ್ಲಿ ಜಗಳವಾಡಿದ್ದರೆ ಎಷ್ಟೋ ವಾಸಿಯಾಗಿರುತ್ತಿತ್ತು. “ಇರ್ಲಿ ಬಿಡಿ, ನನಗೆ ಅಭ್ಯಾಸ ಆಗಿದೆ” ಎಂದಿದ್ದಳು. ಆ ಮಾತು ಹಲ್ಲಿನ ಸಂದಿಯ ನಾರಿನಂತೆ ಅವನನ್ನು ಎರಡು ತಿಂಗಳೂ ಕಾಡಿತ್ತು. “ವಾಪಸ್ ಬರೋ ದಿನ ಪ್ಲಾಟ್‌ಫಾರಂ ಮೇಲೆ ನಿಂತಿರ್ತೀನಿ, ಬೇಕಾದ್ರೆ ನೋಡು” ಎಂದು ಮಾತು ಕೊಟ್ಟಿದ್ದ.

ವಿಧಿಗೆ ಬೇರೆ ದಿನ ಸಿಗಲಿಲ್ಲ. ಆವತ್ತೇ ಆಸ್ಪತ್ರೆಯ ಹಿರಿಯ ಡಾಕ್ಟರಮ್ಮ ನಿವೃತ್ತರಾಗುವ ದಿನ. “ಹಾರ ಬೇಡ, ಭಾಷಣ ಬೇಡ. ಸಂಜೆ ನನ್ನ ಬ್ಯಾಗು ತಗೊಂಡು ಸುಮ್ನೆ ಹೋಗ್ತೀನಿ” ಎಂದು ಕಟ್ಟುನಿಟ್ಟಾಗಿ ಹೇಳಿದ್ದರು. ಅವರ ರೋಗಿಗಳನ್ನೆಲ್ಲ ಹೊಸ ಡಾಕ್ಟರ ಹೆಸರಿಗೆ ವರ್ಗಾಯಿಸುವ ಕೆಲಸ ಅವಸರಪ್ಪನ ತಲೆಗೆ ಬಂತು.

ಕಂಪ್ಯೂಟರಿನ ನೋಂದಣಿ ಪ್ರೋಗ್ರಾಂ ಅವನಿಗಿಂತ ಹಳೆಯದು. ಅದಕ್ಕೆ ಎಲ್ಲವನ್ನೂ ಕೇಳಿ ಕೇಳಿಯೇ ಮಾಡುವ ಚಟ. ರೋಗಿಯ ಸಂಖ್ಯೆ ಏನು? ಹೊಸ ವೈದ್ಯರು ಯಾರು? ಖಚಿತವೇ? ಉತ್ತರ ಕೊಡುವವರೆಗೆ ಕಣ್ಣು ಮಿಟುಕಿಸುತ್ತ ಕೂತಿರುತ್ತಿತ್ತು. ಕೊಟ್ಟ ಮೇಲೆ ರೋಗಿಯ ಫೋನಿಗೊಂದು ಮೆಸೇಜು ಕಳಿಸಿ, ಆ ಆಯಾಸಕ್ಕೆ ಸ್ವಲ್ಪ ತೂಕಡಿಸುತ್ತಿತ್ತು. ಹೀಗೆ ನೂರಾರು ಜನರನ್ನು ದಾಟಿಸುವಷ್ಟರಲ್ಲಿ ಬೆಳಗಾಗುವುದು ಖಂಡಿತ.

ಅವಸರಪ್ಪ ತನ್ನ ಬದಲು ಕಂಪ್ಯೂಟರೇ ಉತ್ತರ ಕೊಡುವಂತೆ ಪುಟ್ಟದೊಂದು ಸ್ಕ್ರಿಪ್ಟ್, ಅಂದರೆ ಆದೇಶಗಳ ಪಟ್ಟಿ, ಬರೆದ. ಪ್ರೋಗ್ರಾಮನ್ನು ಅದೇ ತೆರೆಯಬೇಕು, ಸಂಖ್ಯೆ ಕೇಳಿದರೆ ಸಂಖ್ಯೆ, ವೈದ್ಯರನ್ನು ಕೇಳಿದರೆ ಹೊಸ ಡಾಕ್ಟರ ಹೆಸರು, ಇನ್ನೇನು ಕೇಳಿದರೂ ‘ಹೌದು’. ಮಾವನೆದುರು ಕೂತ ಹೊಸ ಅಳಿಯನಂತೆ ಅದು ಎಲ್ಲದಕ್ಕೂ ಹೌದೆನ್ನುತ್ತ ಮುಂದೆ ಸಾಗಿತು. ಮೊದಲ ಕೆಲವರು ಸಲೀಸಾಗಿ ದಾಟಿದರು.

ಔಷಧಿ ಕೌಂಟರಿನವನು ಕಿಂಡಿಯಲ್ಲಿ ತಲೆ ತೂರಿಸಿದ. “ಏನ್ ಸಾರ್, ಕೀಬೋರ್ಡ್ ಮುಟ್ತಾನೇ ಇಲ್ಲ, ಅದೇ ಆಗ್ತಿದೆಯಲ್ಲ!”

“ಆಗ್ತಿದೆ, ಆದ್ರೆ ನಿಧಾನ. ಪ್ರತಿಯೊಬ್ರಿಗೂ ಮೆಸೇಜ್ ಕಳಿಸಿ ನಿದ್ದೆ ಮಾಡತ್ತೆ.”

“ಒಂದು ನಿದ್ದೆ ಮಾಡಿದ್ರೆ ಇನ್ನೊಂದನ್ನ ಓಡ್ಸಿ. ಒಟ್ಟಿಗೆ ಹತ್ತು ಬಿಡಿ. ಹತ್ತು ಜನ ಕೂತು ಮಾಡ್ದಂಗಲ್ವಾ?”

“ಅಷ್ಟೊಂದ್ಯಾಕೆ? ಒಂದರ ಹಿಂದೆ ಒಂದು ಹೋಗ್ಲಿ” ಎಂದರು ಅಲ್ಲೇ ಇದ್ದ ನರ್ಸಮ್ಮ.

ಅವಸರಪ್ಪ ಗೋಡೆಯ ಗಡಿಯಾರ ನೋಡಿದ. ಸ್ಕ್ರಿಪ್ಟಿನ ಹತ್ತು ಪ್ರತಿಗಳನ್ನು ಒಟ್ಟಿಗೆ ಬಿಟ್ಟ. ಪರದೆಯ ಮೇಲೆ ಅಕ್ಷರಗಳು ಝರಿಯಾಗಿ ಸುರಿಯತೊಡಗಿದವು. ಯಾವ ಪ್ರಶ್ನೆ ಯಾರದು, ಯಾವ ಉತ್ತರ ಯಾರಿಗೆ, ಒಂದೂ ತಿಳಿಯುವಂತಿರಲಿಲ್ಲ. ಕೆಲಸ ಜೋರಾಗಿ ನಡೆದಿದೆ ಎಂದು ಖುಷಿಯಾಯಿತು. ಒಂದು ಲೋಟ ಚಹಾ ತಂದುಕೊಂಡ.

ಅರ್ಧ ಲೋಟ ಖಾಲಿಯಾಗಿತ್ತು. ಬಾಗಿಲಲ್ಲಿ ದರ್ಜಿ ಅಜ್ಜಿ ಕಾಣಿಸಿಕೊಂಡರು. “ಡಾಕ್ಟರಮ್ಮ ಕರೆಸಿದ್ರಂತೆ. ಕಣ್ಣಿಗೆ ಮತ್ತೇನಾದ್ರೂ ಬಂತಾ ಮಗಾ?”

ಅವರ ಹಿಂದೆ ಬಸ್ ಡ್ರೈವರ್, ಅವನ ಹಿಂದೆ ಮಗುವನ್ನೆತ್ತಿಕೊಂಡ ತಾಯಿ, ಅವಳ ಹಿಂದೆ ಬಣ್ಣದ ಡಬ್ಬದ ಸಮೇತ ಒಬ್ಬ ಪೇಂಟರ್. ಎಲ್ಲರ ಫೋನಿನಲ್ಲೂ ಒಂದೇ ಮೆಸೇಜು: ‘ಇಂದು ಸಂಜೆಯೊಳಗೆ ನಿಮ್ಮ ವೈದ್ಯರನ್ನು ಆಸ್ಪತ್ರೆಯಲ್ಲಿ ತಪ್ಪದೆ ಕಾಣಿರಿ.’

ಅವಸರಪ್ಪ ಹತ್ತನ್ನೂ ನಿಲ್ಲಿಸಿ ಪರದೆ ನೋಡಿದ. ಹತ್ತೂ ಒಟ್ಟಿಗೆ ದಾಖಲೆಗಳ ಮೇಲೆ ಮುಗಿಬಿದ್ದು ಒಂದರ ದಾರಿಗೊಂದು ಅಡ್ಡ ಬಂದಿದ್ದವು. ಆಗ ಪ್ರೋಗ್ರಾಂ ಅದುವರೆಗೆ ಕೇಳದಿದ್ದ ಪ್ರಶ್ನೆಗಳನ್ನು ಕೇಳಿತ್ತು. ‘ದಾಖಲೆ ಬೇರೊಬ್ಬರ ಕೈಯಲ್ಲಿದೆ. ವರ್ಗಾವಣೆ ಕೈಬಿಡಲೇ?’ ಸ್ಕ್ರಿಪ್ಟ್ ‘ಹೌದು’ ಎಂದಿತ್ತು. ‘ಹಾಗಾದರೆ ರೋಗಿಯನ್ನು ಇಂದೇ ಹಳೆಯ ವೈದ್ಯರ ಬಳಿ ಕರೆಸಲೇ?’ ಅದಕ್ಕೂ ‘ಹೌದು’.

ಬರೆದದ್ದನ್ನು ಸ್ಲೇಟಿನಂತೆ ಉಗುಳಿ ಅಳಿಸುವಂತಿದ್ದರೆ ಅದನ್ನೂ ಮಾಡುತ್ತಿದ್ದ. ಆದರೆ ಮೆಸೇಜುಗಳು ಆಗಲೇ ಊರೆಲ್ಲ ಹರಡಿದ್ದವು. ಯಾರೋ ಅವನ ಮೊಬೈಲ್ ನಂಬರನ್ನೂ ಹುಡುಕಿ ಅದಕ್ಕೇ ಕರೆ ಮಾಡತೊಡಗಿದರು. ಅದನ್ನು ಆಫ್ ಮಾಡಿ ಜೇಬಿಗಿಟ್ಟ. ಅಷ್ಟರಲ್ಲಿ ಬೆಂಚುಗಳು ತುಂಬಿ, ಮೆಟ್ಟಿಲು ತುಂಬಿ, ಜನ ಅಂಗಳದಲ್ಲಿ ನಿಂತಿದ್ದರು.

“ಇದೇನ್ರೀ ಅವಸರಪ್ಪ, ಮೆರವಣಿಗೆ?” ನರ್ಸಮ್ಮ ಸೊಂಟದ ಮೇಲೆ ಕೈಯಿಟ್ಟರು. “ಇವತ್ತು ಕೊನೇ ದಿನ, ಒಂದಿಷ್ಟು ನೆಮ್ಮದಿಯಾಗಿ ಹೋಗಕ್ಕೆ ಬಿಡ್ಬಾರ್ದಾ ಅವ್ರನ್ನ?”

“ಕೊನೇ ದಿನಾನಾ?” ಬಸ್ ಡ್ರೈವರ್ ಎದ್ದು ನಿಂತ. “ಅದಕ್ಕೇ ಕರ್ಸಿದ್ದು! ಮೊದ್ಲೇ ಹೇಳೋದಲ್ವಾ, ನಾನು ಒಗೆದಿರೋ ಶರ್ಟಾದ್ರೂ ಹಾಕ್ಕೊಂಡು ಬರ್ತಿದ್ದೆ.”

ಮಾತು ಬೆಂಚಿನಿಂದ ಬೆಂಚಿಗೆ, ಮೆಟ್ಟಿಲಿನಿಂದ ಅಂಗಳಕ್ಕೆ ಹೋಯಿತು. ಗದ್ದಲವೆಲ್ಲ ತಣ್ಣಗಾಯಿತು. ಡಾಕ್ಟರಮ್ಮ ಏನು ಗಲಾಟೆಯೆಂದು ಕೋಣೆಯಿಂದ ಹೊರಬಂದಾಗ ಎಲ್ಲರೂ ಎದ್ದು ನಿಂತಿದ್ದರು. ದರ್ಜಿ ಅಜ್ಜಿ ಮೆಲ್ಲಗೆ ಹತ್ತಿರ ಹೋಗಿ ಅವರ ಕೆನ್ನೆ ಮುಟ್ಟಿದರು. “ಈಗ್ಲೂ ಸೂಜಿಗೆ ದಾರ ನಾನೇ ಪೋಣಿಸ್ತೀನಮ್ಮಾ. ಹೇಳೋಣ ಅಂತಿದ್ದೆ, ಸುಮ್ ಸುಮ್ನೆ ಬಂದ್ರೆ ಬೈತೀರೇನೋ ಅಂತ ಬರ್ಲಿಲ್ಲ.”

ಬೇರೆಯವರ ಕಣ್ಣೊಳಗೆ ಜೀವಮಾನವಿಡೀ ಇಣುಕಿದ್ದ ಡಾಕ್ಟರಮ್ಮ ಮೊದಲ ಸಲ ತಮ್ಮ ಕನ್ನಡಕ ತೆಗೆದು ಎಲ್ಲರೆದುರು ಕಣ್ಣೊರೆಸಿಕೊಂಡರು. “ಯಾರು ಮಾಡಿದ್ದು ಇದನ್ನ?”

ಔಷಧಿ ಕೌಂಟರಿನವನು ಅವಸರಪ್ಪನನ್ನು ಮುಂದಕ್ಕೆ ನೂಕಿದ. ಸುಳ್ಳು ಹೇಳಲು ಅವನಿಗೆ ಬಾಯಿ ಬರಲಿಲ್ಲ. “ಮೇಡಂ, ತಪ್ಪಾಗಿಹೋಯ್ತು. ಬೇಗ ಮುಗಿಸೋಣ ಅಂತ ಹತ್ತು ಒಟ್ಟಿಗೆ ಓಡ್ಸಿದೆ. ಮೆಸೇಜ್ ತಪ್ಪಿ ಹೋಗಿದೆ.”

“ಮೆಸೇಜ್ ತಪ್ಪಿ ಹೋಗಿರಬಹುದು ಕಣಪ್ಪಾ. ಇವರ್ಯಾರೂ ದಾರಿ ತಪ್ಪಿ ಬಂದಿಲ್ವಲ್ಲ” ಎಂದು ಡಾಕ್ಟರಮ್ಮ ಅವನ ಬೆನ್ನು ತಟ್ಟಿದರು. ಅಲ್ಲೇ ನಿಂತು ಆಡಳಿತಾಧಿಕಾರಿಗೆ ಫೋನ್ ಮಾಡಿದರು. “ಇನ್ನೆರಡು ವರ್ಷ ಇರಿ ಅಂತ ಕೇಳ್ತಿದ್ರಲ್ಲ, ಇರ್ತೀನಿ. ಹೊಸಬರೂ ಇರ್ಲಿ, ಇಬ್ರಿಗೂ ಕೆಲಸ ಇದೆ.” ಆಮೇಲೆ ಅವಸರಪ್ಪನ ಕಡೆ ತಿರುಗಿದರು. “ನನ್ನ ರೋಗಿಗಳನ್ನೆಲ್ಲ ವಾಪಸ್ ನನ್ನ ಹೆಸರಿಗೇ ಹಾಕ್ಬಿಡಿ. ಬೆಳಿಗ್ಗೆಯಿಂದಲೇ ನೋಡ್ಬೇಕು.”

ಅವಸರಪ್ಪ ತಲೆಯಾಡಿಸಿದ. ಯಾರು ದಾಟಿದ್ದರು, ಯಾರು ದಾಟಿರಲಿಲ್ಲ ಎಂಬುದು ದೇವರಿಗೂ ಗೊತ್ತಿರಲಿಲ್ಲ. ಒಬ್ಬೊಬ್ಬರ ದಾಖಲೆಯನ್ನೂ ಕೈಯಾರೆ ತೆರೆದು ನೋಡಬೇಕಿತ್ತು. ಆದರೆ ರೈಲಿನ ಹೊತ್ತಾಗಿತ್ತು. “ಈಗ್ ಬಂದೆ” ಎಂದು ನರ್ಸಮ್ಮನಿಗೆ ಕೂಗಿ ಹೇಳಿ ಓಡಿದ. ಸಿಗ್ನಲ್ಲುಗಳು ಹಸಿರಾದವು, ಟ್ಯಾಕ್ಸಿ ಕೈ ತೋರಿಸಿದ ಕೂಡಲೇ ನಿಂತಿತು. ರೈಲು ಬರುವ ಮೊದಲೇ ಅವನು ಪ್ಲಾಟ್‌ಫಾರಂ ಮೇಲೆ ನಿಂತಿದ್ದ. ತನ್ನನ್ನು ಈ ಸ್ಥಿತಿಯಲ್ಲಿ ನೋಡಲು ಗುರುತಿನವರು ಒಬ್ಬರಾದರೂ ಇರಬಾರದಿತ್ತೇ ಎನಿಸಿತು. ತಲೆ ಬಾಚಿಕೊಂಡ. ಮುಖಕ್ಕೆ ನಗು ತಂದುಕೊಂಡ.

ರೈಲು ಬಂತು. ಜನ ಇಳಿದರು, ಸಾಮಾನು ಇಳಿಯಿತು, ಅಪ್ಪುಗೆಗಳು ಮುಗಿದವು. ಹೆಂಡತಿ ಮಾತ್ರ ಇಳಿಯಲಿಲ್ಲ. ಒಂದೊಂದು ಬೋಗಿಯೊಳಗೂ ಇಣುಕಿ ಬಂದ. ಮೊಬೈಲ್ ಆನ್ ಮಾಡಿದ ಕೂಡಲೇ ಅದು ಬಡಿದುಕೊಂಡಿತು.

“ಎಲ್ಲಿದ್ದೀರಿ ನೀವು?” ಹೆಂಡತಿಯ ಧ್ವನಿ.

“ಪ್ಲಾಟ್‌ಫಾರಂ ಮೇಲೆ ಕಣೇ! ನೀನೆಲ್ಲಿದ್ದೀಯಾ?”

“ನಿಮ್ಮ ಆಸ್ಪತ್ರೇಲಿ. ‘ವೈದ್ಯರನ್ನು ಕಾಣಿರಿ’ ಅಂತ ಮೆಸೇಜ್ ಬಂತಲ್ಲ. ಹೋದ ವರ್ಷ ಕನ್ನಡಕ ಬರೆಸಿದ್ದೆ ನೋಡಿ, ಆ ನೆಪ ಮಾಡಿ, ಸ್ಟೇಷನ್ನಿಗೆ ಬರಕ್ಕಾಗಲ್ಲ, ಇಲ್ಲಿಗೇ ಬಾ ಅಂತ ಕಳ್ಸಿದ್ದೀರಿ ಅಂದ್ಕೊಂಡೆ. ಆಸ್ಪತ್ರೆಗೆ ಹತ್ತಿರ ಅಂತ ಹಿಂದಿನ ಸ್ಟೇಷನ್ನಲ್ಲೇ ಇಳಿದು ಬಂದೆ. ಬಂದು ನೋಡಿದ್ರೆ ಇಲ್ಲೂ ಇಲ್ಲ ನೀವು!”

ಅವಸರಪ್ಪ ಫೋನನ್ನು ಕಿವಿಗೆ ಒತ್ತಿ ಹಿಡಿದ. ಆ ಕಡೆ ಕುರ್ಚಿ ಎಳೆದ ಸದ್ದಾಯಿತು, ನರ್ಸಮ್ಮ ಏನೋ ಹೇಳಿ ನಕ್ಕರು, ಹೆಂಡತಿಯೂ ನಕ್ಕಳು. ಎರಡು ತಿಂಗಳ ಮೇಲೆ ಆ ನಗು ಕೇಳಿ ಅವನಿಗೆ ಅಲ್ಲೇ ಬೆಂಚಿನ ಮೇಲೆ ಕೂರಬೇಕೆನಿಸಿತು.

“ನರ್ಸಮ್ಮ ಎಲ್ಲಾ ಹೇಳಿದ್ರು” ಎಂದಳು ಹೆಂಡತಿ. “ನಿಮ್ಮ ಕಂಪ್ಯೂಟರ್ ಮುಂದೇನೇ ಕೂತಿದ್ದೀನಿ. ಇಬ್ರೂ ಸೇರಿ ಒಬ್ಬೊಬ್ಬರದ್ದೇ ನೋಡಿ ಸರಿಮಾಡೋಣ, ಬೆಳಗಾದ್ರೂ ಆಗ್ಲಿ. ಬೇಗ ಬನ್ನಿ. ಈ ಸಲ ಓಡ್ಬೇಡಿ, ನಿಧಾನಕ್ಕೆ ಬನ್ನಿ.”

ಅವಸರಪ್ಪ ಓಡಿದ. ಓಡಿದ ರಭಸಕ್ಕೆ ಹೋಗಿ ಹತ್ತಿದ್ದು ತಪ್ಪು ದಿಕ್ಕಿನ ಬಸ್ಸು.